ಕ್ಯಾಂಪರ್‌ವ್ಯಾನ್ ಪ್ರವಾಸಕ್ಕೆ ಸೈಕಲ್ಲು: ಒಯ್ಯಬೇಕೆ, ಬೇಡವೆ?

ಕ್ಯಾಂಪರ್‌ವ್ಯಾನಿನಲ್ಲಿ ರಜೆಗೆ ಹೊರಡುವವರಿಗೆ ಸೈಕಲ್ಲನ್ನೂ ಜೊತೆಗೆ ಒಯ್ಯಬೇಕೆ ಎಂಬ ಪ್ರಶ್ನೆ ಹುಟ್ಟುವುದು ಆ ವಾಹನದ ಸ್ವಭಾವದಿಂದಲೇ. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಪುಟ್ಟ ಫ್ರಿಜ್ಜು ಎಲ್ಲವನ್ನೂ ಒಳಗಿಟ್ಟುಕೊಂಡ ಈ ವ್ಯಾನು ಮನೆಯೂ ಹೌದು, ಗಾಡಿಯೂ ಹೌದು. ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ಟೈಪ್ 2 ವ್ಯಾನನ್ನು ಹೊರತಂದಿತು. ಮರುವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಲಗಲು, ಅಡುಗೆ ಮಾಡಲು ಬೇಕಾದ ಪೆಟ್ಟಿಗೆಗಳನ್ನು ಕೂರಿಸಿಕೊಡತೊಡಗಿತು. ಅಲ್ಲಿಂದ ಮುಂದೆ ಯುರೋಪಿನ ಮಧ್ಯಮವರ್ಗದ ಬೇಸಿಗೆ ರಜೆಗೆ ಇಂಥ ವ್ಯಾನು ಒಗ್ಗಿಹೋಯಿತು. ಈಗ ರಸ್ತೆಯಲ್ಲಿ ಕಾಣುವವುಗಳಲ್ಲಿ ಬಹುಪಾಲು ಫಿಯೆಟ್ ಡುಕಾಟೊದಂಥ ಸರಕು ವ್ಯಾನುಗಳ ಮೇಲೆ ಕಟ್ಟಿದವು.

ಮನೆಯೂ ಗಾಡಿಯೂ ಒಂದೇ ಆಗಿರುವುದು ಒಂದು ಅನುಕೂಲ. ತೊಡಕು ಶುರುವಾಗುವುದೂ ಅಲ್ಲಿಂದಲೇ. ಸಂಜೆ ಕ್ಯಾಂಪಿನಲ್ಲಿ ಜಾಗ ಹಿಡಿದು, ನೆಲ ಓರೆಯಾಗಿದ್ದರೆ ಚಕ್ರದಡಿ ಪ್ಲಾಸ್ಟಿಕ್ ಬೆಣೆ ಕೊಟ್ಟು ಸಮ ಮಾಡಿ, ಕರೆಂಟಿನ ವೈರು ಎಳೆದು, ಬದಿಯ ಚಪ್ಪರ ಬಿಚ್ಚಿ, ಮೇಜು ಕುರ್ಚಿ ಹಾಕಿದ ಮೇಲೆ ವ್ಯಾನು ಮನೆಯಾಗುತ್ತದೆ. ಮರುದಿನ ಬೆಳಿಗ್ಗೆ ಮೂರು ಕಿಲೋಮೀಟರ್ ಆಚೆಯ ಊರಿನಿಂದ ಬ್ರೆಡ್ಡು, ಹಾಲು ತರಬೇಕೆಂದರೆ ಅಷ್ಟನ್ನೂ ಮತ್ತೆ ಮಡಚಿ ಒಳಗಿಡಬೇಕು. ಊರು ಸೇರಿದರೂ ನಿಲ್ಲಿಸಲು ಜಾಗ ಸಿಕ್ಕೀತೆಂಬ ಭರವಸೆಯಿಲ್ಲ. ಬ್ರಿಟನ್ ಮತ್ತು ಫ್ರಾನ್ಸಿನ ಎಷ್ಟೋ ಪಾರ್ಕಿಂಗ್ ಜಾಗಗಳ ಬಾಗಿಲಲ್ಲಿ ಎರಡು ಮೀಟರ್ ಆಸುಪಾಸಿನ ಎತ್ತರಕ್ಕೆ ಅಡ್ಡಪಟ್ಟಿ ಕಟ್ಟಿರುತ್ತಾರೆ. ಒಳಗೆ ನಿಂತು ಓಡಾಡಬಹುದಾದ ವ್ಯಾನಿನ ಎತ್ತರ ಎರಡೂವರೆ ಮೀಟರಿಗೂ ಹೆಚ್ಚು. ಇಟಲಿಯ ಅನೇಕ ಹಳೆಯ ಪಟ್ಟಣಗಳ ನಡುಭಾಗಕ್ಕೆ ಹೊರಗಿನವರ ವಾಹನಗಳಿಗೆ ಪ್ರವೇಶವಿಲ್ಲ. ಆ ಭಾಗದ ಅಂಚಿನಲ್ಲಿರುವ ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆದಿರುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಜರ್ಮನಿಯ ಅನೇಕ ನಗರಗಳೊಳಗೆ ಹೋಗಲು ಹೊಗೆಯ ಮಟ್ಟ ಸೂಚಿಸುವ ಹಸಿರು ಸ್ಟಿಕರ್ ಬೇಕು, ಹಳೆಯ ಡೀಸೆಲ್ ವ್ಯಾನುಗಳಿಗೆ ಅದು ಸಿಗುವುದಿಲ್ಲ. ಹೀಗಾಗಿ ವ್ಯಾನು ನಿಂತ ಜಾಗಕ್ಕೂ ನೋಡಬೇಕೆಂದು ಬಂದ ಊರಿಗೂ ನಡುವೆ ಒಂದು ಅಂತರ ಯಾವಾಗಲೂ ಉಳಿದಿರುತ್ತದೆ. ಅದು ನಡೆಯಲು ದೂರ, ವ್ಯಾನು ತೆಗೆಯಲು ತೀರಾ ಹತ್ತಿರ. ಸೈಕಲ್ಲು ಉಪಯೋಗಕ್ಕೆ ಬರುವುದು ಈ ಅಂತರದಲ್ಲಿ.

ಸೈಕಲ್ ಒಯ್ಯುವ ವಿಚಾರ ಬಂದಾಗ ಹೆಚ್ಚಿನವರು ತಮಗೆ ಸೈಕಲ್ ತುಳಿಯುವುದು ಇಷ್ಟವೇ ಎಂದು ಕೇಳಿಕೊಳ್ಳುತ್ತಾರೆ. ನಿಜವಾಗಿ ಕೇಳಬೇಕಾದದ್ದು ಬೇರೆ. ವ್ಯಾನು ಒಂದೊಂದು ಜಾಗದಲ್ಲಿ ಎಷ್ಟು ದಿನ ನಿಲ್ಲುತ್ತದೆ, ನಿಂತಲ್ಲಿಂದ ಹೊರಡುವ ದಾರಿಗಳು ಎಂಥವು ಎಂಬ ಎರಡಕ್ಕೆ ಉತ್ತರ ಸಿಕ್ಕರೆ ಉಳಿದ ನಿರ್ಧಾರ ಹಗುರವಾಗುತ್ತದೆ. ದಿನಕ್ಕೊಂದು ಊರು ಬದಲಿಸುವ ಪ್ರವಾಸದಲ್ಲಿ ಸಂಜೆ ತಲುಪಿ ಬೆಳಿಗ್ಗೆ ಹೊರಡುವಷ್ಟೇ ಹೊತ್ತಿರುತ್ತದೆ. ಅಂಥ ಕಡೆ ಸೈಕಲ್ ಪ್ರಿಯರ ಸೈಕಲ್ಲೂ ಹಿಂದಿನ ಬಾಗಿಲಿನಲ್ಲಿ ತೂಗಾಡಿಕೊಂಡೇ ಮನೆಗೆ ಮರಳುತ್ತದೆ. ಮೂರು ನಾಲ್ಕು ದಿನ ಒಂದೇ ಕಡೆ ಬಿಡಾರ ಹೂಡುವವರಿಗೆ, ವರ್ಷವಿಡೀ ಸೈಕಲ್ ಮುಟ್ಟದವರಾದರೂ, ಅದು ದಿನವೂ ಬೇಕಾಗುತ್ತದೆ. ಆದ್ದರಿಂದ ಇದು ವ್ಯಾನು ಕೊಂಡಾಗ ಒಮ್ಮೆಲೇ ತೀರ್ಮಾನಿಸಿಬಿಡುವ ವಿಷಯವಲ್ಲ. ಪ್ರತಿ ಪ್ರವಾಸಕ್ಕೂ, ನಕಾಶೆ ಮುಂದಿಟ್ಟುಕೊಂಡು, ಹೊಸದಾಗಿಯೇ ತೀರ್ಮಾನಿಸಬೇಕು.

ನಕಾಶೆಯಲ್ಲಿ ಮೊದಲು ನೋಡಬೇಕಾದ ದೇಶ ನೆದರ್ಲೆಂಡ್ಸ್. ಜನರಿಗಿಂತ ಸೈಕಲ್ಲುಗಳೇ ಹೆಚ್ಚಿರುವ ಈ ದೇಶದಲ್ಲಿ ನೆಲ ಸಪಾಟು, ಮೋಟಾರು ರಸ್ತೆಯಿಂದ ಬೇರ್ಪಟ್ಟ ಸೈಕಲ್ ದಾರಿಗಳು 35,000 ಕಿ.ಮೀ.ಗೂ ಹೆಚ್ಚು. ದಾರಿ ಹುಡುಕುವುದನ್ನೂ ಅಲ್ಲಿ ಸರಳ ಮಾಡಿದ್ದಾರೆ. ಸೈಕಲ್ ದಾರಿಗಳು ಕೂಡುವ ಪ್ರತಿ ಕೂಡುರಸ್ತೆಗೂ ಒಂದೊಂದು ಅಂಕಿ ಕೊಟ್ಟಿದ್ದಾರೆ. ಬೆಳಿಗ್ಗೆ ಹೊರಡುವ ಮುನ್ನ ಫಲಕದ ನಕಾಶೆ ನೋಡಿ 23, 41, 40, 67 ಎಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಒಂದು ಅಂಕಿಯಿಂದ ಮುಂದಿನದಕ್ಕೆ ಬಾಣದ ಗುರುತುಗಳು ಕರೆದೊಯ್ಯುತ್ತವೆ, ಭಾಷೆ ಬಾರದವರೂ ದಾರಿ ತಪ್ಪುವುದಿಲ್ಲ. ಈ ಪದ್ಧತಿ ಹುಟ್ಟಿದ್ದು ಪಕ್ಕದ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ, 1995ರಲ್ಲಿ. ಕಲ್ಲಿದ್ದಲ ಗಣಿಯಲ್ಲಿ ಎಂಜಿನಿಯರಾಗಿದ್ದ ಹ್ಯೂಗೊ ಬೊಲೆನ್ ಅದರ ಕಲ್ಪನೆ ಕೊಟ್ಟವರು. ಇಂಥ ನಾಡಿಗೆ ವ್ಯಾನಿನಲ್ಲಿ ಹೋಗುವವರು ಸೈಕಲ್ಲಿಲ್ಲದೆ ಹೋದರೆ ಅರ್ಧ ಪ್ರವಾಸವನ್ನು ಮನೆಯಲ್ಲೇ ಬಿಟ್ಟು ಹೋದಂತಾಗುತ್ತದೆ.

ನದಿ ದಂಡೆಗಳು ಸೈಕಲ್ಲಿಗೆ ಎಲ್ಲೆಡೆ ಒಳ್ಳೆಯವು, ಏಕೆಂದರೆ ನದಿಯ ಜೊತೆ ಸಾಗುವ ದಾರಿಯಲ್ಲಿ ಏರಿಳಿತ ಕಡಿಮೆ. ಜರ್ಮನಿಯ ಮೊಸೆಲ್ ನದಿಯ ಉದ್ದಕ್ಕೂ ದ್ರಾಕ್ಷಿ ಬೆಳೆಯುವ ಹಳ್ಳಿಗಳು ಸಾಲಾಗಿವೆ. ಅನೇಕ ಹಳ್ಳಿಗಳಲ್ಲಿ ನದಿಯ ಪಕ್ಕದಲ್ಲೇ ಕ್ಯಾಂಪರ್‌ವ್ಯಾನುಗಳಿಗೆಂದು ಕಡಿಮೆ ಬಾಡಿಗೆಯ ತಂಗುದಾಣ ಇರುತ್ತದೆ. ವ್ಯಾನನ್ನು ಕೊಖೆಮ್ ಪಟ್ಟಣದಲ್ಲಿ ನಿಲ್ಲಿಸಿ, ನದಿಯ ಹರಿವಿನ ದಿಕ್ಕಿನಲ್ಲಿ ಸುಮಾರು 50 ಕಿ.ಮೀ. ತುಳಿದರೆ ಮೊಸೆಲ್ ರೈನ್ ನದಿಯನ್ನು ಸೇರುವ ಕೊಬ್ಲೆನ್ಸ್ ಸಿಗುತ್ತದೆ. ಸಂಜೆ ಸೈಕಲ್ ಸಮೇತ ರೈಲು ಹತ್ತಿದರೆ ಒಂದು ಗಂಟೆಯೊಳಗೆ ವ್ಯಾನಿನ ಬಳಿ ಮರಳಬಹುದು. ಬಂದ ದಾರಿಯಲ್ಲೇ ಮತ್ತೆ ತುಳಿಯುವ ಬೇಸರ ಇಲ್ಲಿಲ್ಲ. ಡ್ಯಾನ್ಯೂಬ್ ನದಿಯ ಪಸ್ಸಾವ್‌ನಿಂದ ವಿಯೆನ್ನಾವರೆಗಿನ 300 ಕಿ.ಮೀ.ಗೂ ಮಿಕ್ಕ ದಾರಿ, ಫ್ರಾನ್ಸಿನ ಲ್ವಾರ್ ನದಿಯ ಅರಮನೆಗಳ ನಡುವೆ ಹಾದುಹೋಗುವ ಸುಮಾರು 900 ಕಿ.ಮೀ.ಯ ದಾರಿ, ಇವೂ ಇಂಥವೇ. ಪೂರ್ತಿ ತುಳಿಯುವ ಹಂಗಿಲ್ಲ. ವ್ಯಾನನ್ನು ಎರಡು ಮೂರು ಕಡೆ ನಿಲ್ಲಿಸಿ ಅಲ್ಲಲ್ಲಿಯ ಒಳ್ಳೆಯ ತುಣುಕನ್ನಷ್ಟೇ ಆರಿಸಿಕೊಳ್ಳಬಹುದು.

ಫ್ರಾನ್ಸಿನ ಪಶ್ಚಿಮ ಕರಾವಳಿಯ ಇಲ್ ದ ರೇ ದ್ವೀಪವನ್ನೂ ಇಲ್ಲಿ ಹೆಸರಿಸಬೇಕು. 1988ರಲ್ಲಿ ತೆರೆದ ಸುಮಾರು ಮೂರು ಕಿ.ಮೀ. ಉದ್ದದ ಸೇತುವೆ ಅದನ್ನು ಲಾ ರೋಷೆಲ್ ಪಟ್ಟಣದ ಕಡೆಯ ನೆಲಕ್ಕೆ ಜೋಡಿಸಿದೆ. ವ್ಯಾನು ದಾಟಿದರೆ ಸುಂಕ ಕಟ್ಟಬೇಕು, ಸೈಕಲ್ಲಿಗೆ ಸುಂಕವಿಲ್ಲ. ದ್ವೀಪದ ಮೇಲೆ ಉಪ್ಪಿನ ಗದ್ದೆ, ದ್ರಾಕ್ಷಿ ತೋಟ, ಮೀನುಗಾರರ ಊರುಗಳ ನಡುವೆ ನೂರು ಕಿ.ಮೀ.ಗೂ ಹೆಚ್ಚು ಸೈಕಲ್ ದಾರಿ ಹರಡಿಕೊಂಡಿದೆ. ಆಗಸ್ಟ್ ತಿಂಗಳಲ್ಲಿ ಅಲ್ಲಿನ ಕಿರಿದಾದ ರಸ್ತೆಗಳಲ್ಲಿ ವ್ಯಾನು ತೂರಿಸುವುದು ಪಡಿಪಾಟಲು. ಸೈಕಲ್ಲಿದ್ದವರು ಆರಾಮವಾಗಿ ಸುತ್ತುತ್ತಾರೆ.

ಎಲ್ಲ ನಾಡೂ ಹೀಗಿಲ್ಲ. ಸ್ಕಾಟ್ಲೆಂಡಿನ ಉತ್ತರ ತುದಿಯನ್ನು ಸುತ್ತುವ, 'ನಾರ್ತ್ ಕೋಸ್ಟ್ 500' ಎಂದು ಹೆಸರಾದ 516 ಮೈಲಿಯ ದಾರಿಯಲ್ಲಿ ಎಷ್ಟೋ ಕಡೆ ಒಂದೇ ವಾಹನ ಹಿಡಿಸುವಷ್ಟು ರಸ್ತೆಯಿದೆ. ಅದರ ಬ್ಯಾಲಖ್ ನ ಬಾ ಘಾಟಿ ಸಮುದ್ರ ಮಟ್ಟದಿಂದಲೇ ಶುರುವಾಗಿ 626 ಮೀಟರಿಗೆ ಏರುತ್ತದೆ. ಹೆಚ್ಚಿನವರು ಈ ದಾರಿಯಲ್ಲಿ ದಿನವೂ ಮುಂದೆ ಸಾಗುತ್ತಿರುತ್ತಾರೆ; ಗಾಳಿ ಮಳೆಯಂತೂ ಬೆನ್ನುಬಿಡುವುದಿಲ್ಲ. ಅಂಥಲ್ಲಿ ಸಾಮಾನ್ಯರ ಸೈಕಲ್ಲು ಕೆಳಗಿಳಿಯುವುದು ಅಪರೂಪ. ನಾರ್ವೆಯಲ್ಲಿ ಕಡಲಚಾಚುಗಳ ಅಂದ ಎಷ್ಟಿದ್ದರೂ ಊರೂರಿನ ನಡುವಿನ ದಾರಿ ಸುರಂಗಗಳ ಮೂಲಕ ಹಾಯುತ್ತದೆ, ಅವುಗಳಲ್ಲಿ ಹಲವಕ್ಕೆ ಸೈಕಲ್ ಪ್ರವೇಶವಿಲ್ಲ, 24.5 ಕಿ.ಮೀ. ಉದ್ದದ ಲೇರ್ಡಾಲ್ ಸುರಂಗ ಅದಕ್ಕೊಂದು ನಿದರ್ಶನ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯ ಎರಡೂ ಬಗೆಗೆ ಉದಾಹರಣೆ. ಎರಡೂ ಬದಿ ಆಳೆತ್ತರದ ಬೇಲಿಯಿರುವ ಅಲ್ಲಿನ ಓಣಿರಸ್ತೆಗಳಲ್ಲಿ ಎದುರಿನಿಂದ ಬರುವ ಕಾರು ಹತ್ತಿರ ಬರುವವರೆಗೂ ಕಾಣದು, ಮಕ್ಕಳನ್ನು ಕರೆದುಕೊಂಡು ಸೈಕಲ್ಲಿನಲ್ಲಿ ಹೋಗುವಂಥ ಜಾಗವಲ್ಲ. ಅದೇ ಪ್ರಾಂತ್ಯದ ವೇಡ್‌ಬ್ರಿಜ್‌ನಿಂದ ಪ್ಯಾಡ್‌ಸ್ಟೋವರೆಗೆ, 1967ರಲ್ಲಿ ಪ್ರಯಾಣಿಕರ ರೈಲು ನಿಂತುಹೋದ ಹಳಿಯ ಜಾಗದಲ್ಲಿ ಮಾಡಿದ ಕ್ಯಾಮೆಲ್ ಟ್ರೇಲ್ ಎಂಬ ದಾರಿ ಅಳಿವೆಯ ಅಂಚಿನಲ್ಲೇ ಸಾಗುತ್ತದೆ. ಸುಮಾರು ಒಂಬತ್ತು ಕಿ.ಮೀ. ಉದ್ದದ ಆ ದಾರಿಯಲ್ಲಿ ಐದು ವರ್ಷದ ಮಗುವೂ ತುಳಿಯಬಲ್ಲದು. ಬ್ರಿಟನ್ನಿನಲ್ಲಿ ಬಿಡಾರ ಹೂಡುವವರು ಇಂಥ ಹಳೆಯ ರೈಲು ದಾರಿಗಳ ಆಸುಪಾಸಿನಲ್ಲೇ ಕ್ಯಾಂಪು ಹುಡುಕಿಕೊಂಡರೆ ಸೈಕಲ್ ಹೊತ್ತ ಶ್ರಮ ಸಾರ್ಥಕ.

ದಾರಿಗಳ ಲೆಕ್ಕ ಮುಗಿದ ಮೇಲೆ ಬರುವುದು ತೂಕದ ಲೆಕ್ಕ. ಇಡೀ ವಿಷಯದಲ್ಲಿ ಹೆಚ್ಚು ಉದಾಸೀನಕ್ಕೆ ಒಳಗಾಗಿರುವುದೂ, ಹೆಚ್ಚು ಅಪಾಯ ತರುವುದೂ ಇದೇ. ಯುರೋಪಿನ ಬಹುಪಾಲು ಕ್ಯಾಂಪರ್‌ವ್ಯಾನುಗಳನ್ನು ಒಟ್ಟು 3,500 ಕೆ.ಜಿ. ಮೀರದಂತೆ ಕಟ್ಟುತ್ತಾರೆ, ಏಕೆಂದರೆ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದದ್ದು ಅಷ್ಟು ತೂಕದವರೆಗಿನ ವಾಹನ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕೆ ಮೊದಲು ಪರೀಕ್ಷೆ ಪಾಸಾದವರಿಗೆ 7.5 ಟನ್ ತನಕ ಓಡಿಸುವ ಹಕ್ಕಿದೆ, ಆದರೆ ವ್ಯಾನಿನ ತೂಕದ ಮಿತಿ ತಿಳಿಸುವ ತಗಡಿನ ಮೇಲೆ 3,500 ಎಂದು ಬರೆದಿದ್ದರೆ ಆ ಹಕ್ಕಿನಿಂದ ಹೊರೆಯ ಮಿತಿಯೇನೂ ಹೆಚ್ಚುವುದಿಲ್ಲ. ಖಾಲಿ ವ್ಯಾನು, ಚಾಲಕ, ಡೀಸೆಲ್ ಸೇರಿ ಸುಮಾರು 3,000 ಕೆ.ಜಿ. ಆಗಿದ್ದರೆ ಉಳಿಯುವುದು 500. ಕಾಗದದ ಮೇಲೆ ಇದು ಧಾರಾಳವಾಗಿಯೇ ಕಾಣುತ್ತದೆ. ಪಕ್ಕದಲ್ಲಿ ಕೂರುವವರು 70, ಟ್ಯಾಂಕು ತುಂಬ ನೀರು 100, ಬದಿಯ ಚಪ್ಪರ 25ರಿಂದ 30, ಹೆಚ್ಚುವರಿ ಬ್ಯಾಟರಿ 25, ಗ್ಯಾಸ್ ಸಿಲಿಂಡರು, ಸೌರಫಲಕ, ಮೇಜು ಕುರ್ಚಿ, ಪಾತ್ರೆ, ಬಟ್ಟೆ, ದಿನಸಿ ಹೀಗೆ ಬರೆದುಕೊಳ್ಳುತ್ತಾ ಹೋದರೆ 500 ಕರಗಲು ಹೊತ್ತು ಬೇಕಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರೆ ಸೈಕಲ್ಲಿನ ಪಾಲಿಗೆ ಏನೂ ಉಳಿಯದೆಯೂ ಇರಬಹುದು.

ಒಟ್ಟು ತೂಕ ಸರಿಯಿದ್ದರೂ ಅದು ಎಲ್ಲಿ ಕೂತಿದೆ ಎಂಬುದು ಬೇರೆಯೇ ಪ್ರಶ್ನೆ. ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಮೇಲೇಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಡುಕಾಟೊದ ಆರು ಮೀಟರ್ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಣ ದೂರ 4.035 ಮೀಟರ್. ಹಿಂದಿನ ಆಕ್ಸಲ್‌ನಿಂದಾಚೆಗೆ ಬಾಡಿ ಸುಮಾರು ಒಂದು ಮೀಟರ್ ಚಾಚಿಕೊಂಡಿದೆ. ಅದರ ಬಾಗಿಲಿಗೆ ಸೈಕಲ್ಲುಗಳನ್ನು ನೇತುಹಾಕಿದಾಗ ಅವುಗಳ ತೂಕ ಬೀಳುವ ಬಿಂದು ಮುಂದಿನ ಆಕ್ಸಲ್‌ನಿಂದ ಸುಮಾರು 5.4 ಮೀಟರ್ ದೂರದಲ್ಲಿರುತ್ತದೆ. ಸೈಕಲ್ಲು, ರ‍್ಯಾಕು ಸೇರಿ 60 ಕೆ.ಜಿ. ಎಂದುಕೊಂಡರೆ, 60ನ್ನು 5.4ರಿಂದ ಗುಣಿಸಿ 4.035ರಿಂದ ಭಾಗಿಸಿದಾಗ ಬರುವುದು 80. ಅಂದರೆ ಹಿಂದಿನ ಆಕ್ಸಲ್ ಮೇಲೆ 60ರ ಬದಲು 80 ಕೆ.ಜಿ. ಕೂಡುತ್ತದೆ, ಮುಂದಿನ ಆಕ್ಸಲ್ ಮೇಲಿಂದ 20 ಕೆ.ಜಿ. ಕಳೆಯುತ್ತದೆ. ಡುಕಾಟೊದಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ, ಗಾಡಿ ತಿರುಗಿಸುವವೂ ಅವೇ. ಅವುಗಳ ಮೇಲಿನ ಭಾರ ಕಡಿಮೆಯಾದಷ್ಟೂ ಮಳೆ ಬಿದ್ದ ಹುಲ್ಲಿನ ಕ್ಯಾಂಪಿನಿಂದ ಹೊರಬರುವಾಗ ಚಕ್ರ ಜಾರುತ್ತದೆ, ಒದ್ದೆ ತಿರುವಿನಲ್ಲಿ ಹಿಡಿತ ಸಡಿಲುತ್ತದೆ. ಹಿಂದೆ ಉದ್ದಕ್ಕೆ ಚಾಚಿಕೊಂಡ ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚು.

ಇದನ್ನು ಖಚಿತವಾಗಿ ತಿಳಿಯಲು ಇರುವ ದಾರಿ ಲಾರಿಗಳನ್ನು ತೂಗುವ ವೇಬ್ರಿಜ್. ನೀರು, ದಿನಸಿ, ಜನ, ಸೈಕಲ್ಲು ಎಲ್ಲವೂ ಇರುವಂತೆ, ಪ್ರವಾಸಕ್ಕೆ ಹೊರಟ ಸ್ಥಿತಿಯಲ್ಲೇ ಒಯ್ದು ಇಡೀ ಗಾಡಿಯನ್ನೊಮ್ಮೆ, ಹಿಂದಿನ ಆಕ್ಸಲ್ ಒಂದನ್ನೇ ಇನ್ನೊಮ್ಮೆ ತೂಗಿಸಬೇಕು. ಬಾಗಿಲ ಚೌಕಟ್ಟಿನ ತಗಡಿನಲ್ಲಿ ಒಟ್ಟು ತೂಕ ಮತ್ತು ಎರಡೂ ಆಕ್ಸಲ್‌ಗಳ ಮಿತಿ ಬರೆದಿರುತ್ತದೆ. ಮಿತಿ ಮೀರಿದ್ದರೆ ಮೊದಲು ಕಡಿಮೆ ಮಾಡಬೇಕಾದದ್ದು ನೀರು. ದಾರಿಯಲ್ಲಿ 20 ಲೀಟರಷ್ಟೇ ಇಟ್ಟುಕೊಂಡು ಕ್ಯಾಂಪಿನಲ್ಲಿ ತುಂಬಿಸಿಕೊಂಡರೆ 80 ಕೆ.ಜಿ. ಉಳಿಯಿತು. ಹೆಚ್ಚು ತೂಕ ಹೇರಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು, ಹೊರೆ ಇಳಿಸುವವರೆಗೆ ಪೊಲೀಸರು ಗಾಡಿಯನ್ನು ಮುಂದೆ ಬಿಡದಿರಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ಕುತ್ತು.

ಸೈಕಲ್ಲನ್ನು ಎಲ್ಲಿ ಕಟ್ಟುವುದು ಎಂಬುದಕ್ಕೆ ಉತ್ತರ ವ್ಯಾನಿನ ಆಕಾರದ ಮೇಲಿದೆ. ಹಿಂದಿನ ಬಾಗಿಲಿಗೆ ಕೂರಿಸುವ ರ‍್ಯಾಕು ಹಗುರ ಮತ್ತು ಅಗ್ಗ, ಆದರೆ ಅನೇಕ ಬಾಗಿಲು ರ‍್ಯಾಕುಗಳ ಮಿತಿ ಎರಡು ಸೈಕಲ್ಲಿಗೆ ಸೇರಿ 35 ಕೆ.ಜಿ. ಅಷ್ಟೇ. 12ರಿಂದ 15 ಕೆ.ಜಿ.ಯ ಸಾಧಾರಣ ಸೈಕಲ್ಲುಗಳಿಗೆ ಅದು ಸಾಕು. 25 ಕೆ.ಜಿ.ಯ ಎರಡು ವಿದ್ಯುತ್ ಸೈಕಲ್ಲುಗಳನ್ನು ಅದರ ಮೇಲೆ ಹೇರುವುದೆಂದರೆ ಬಾಗಿಲ ಕೀಲು ಬಾಗುವುದನ್ನೂ ಅದಕ್ಕಿಂತ ಕೆಟ್ಟದ್ದನ್ನೂ ಕರೆದುಕೊಂಡಂತೆ. ಟ್ರೇಲರ್ ಎಳೆಯಲೆಂದು ಹಿಂದೆ ಬಿಗಿಯುವ ಟೋ ಬಾರ್ ಮೇಲೆ ಕೂರುವ ರ‍್ಯಾಕುಗಳು ಹೆಚ್ಚು ಗಟ್ಟಿ. ಇಂಥವುಗಳ ಮಾಮೂಲು ಮಿತಿ 60 ಕೆ.ಜಿ., ಎತ್ತರ ಕಡಿಮೆಯಾದ್ದರಿಂದ ಏರಿಸುವುದೂ ಸುಲಭ. ಆದರೆ ರ‍್ಯಾಕು ತಾನೇ 18 ಕೆ.ಜಿ.ಯಷ್ಟು ತೂಗುತ್ತದೆ, ಟೋ ಬಾರ್ ತೂಕ ಬೇರೆ. ಚಾವಣಿಯ ಮೇಲೆ ಕಟ್ಟುವುದು ತಗ್ಗು ವ್ಯಾನುಗಳಿಗಷ್ಟೇ ಹೊಂದೀತು. ಎತ್ತರದ ವ್ಯಾನಿನ ನೆತ್ತಿಗೆ 15 ಕೆ.ಜಿ. ಏರಿಸುವುದು ಇಬ್ಬರಿಗೂ ಕಷ್ಟ, ಮೇಲಾಗಿ ಗಾಳಿಯ ತಡೆಯಿಂದ ಡೀಸೆಲ್ ಹೆಚ್ಚು ಸುಡುತ್ತದೆ. ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಹಿಂದಿನ ಹಾಸಿಗೆಯ ಕೆಳಗೆ ಗ್ಯಾರೇಜಿನಂಥ ಕೋಣೆ ಇರುತ್ತದೆ. ಸೈಕಲ್ಲಿಗೆ ಅದಕ್ಕಿಂತ ಸುರಕ್ಷಿತ ಜಾಗ ಇನ್ನಿಲ್ಲ.

ರ‍್ಯಾಕಿನ ಮೇಲೆ ಎರಡು ಸೈಕಲ್ ಕೂರಿಸುವ ಕೆಲಸ ನೋಡಿದಷ್ಟು ಸಲೀಸಲ್ಲ. ಭಾರದ್ದು ಮೊದಲು, ವ್ಯಾನಿಗೆ ಅಂಟಿಕೊಂಡಂತೆ ಕೂರಬೇಕು. ಎರಡನೆಯದು ಅದಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಬೇಕು, ಇಲ್ಲದಿದ್ದರೆ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಂದರ ಪೆಡಲ್ಲು ಇನ್ನೊಂದರ ಚಕ್ರದ ಕಡ್ಡಿಗಳ ನಡುವೆ ತೂರದಂತೆ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿಡಬೇಕು. ಎರಡು ಚೌಕಟ್ಟುಗಳು ತಾಗುವ ಕಡೆ ಪೈಪಿಗೆ ಸುತ್ತುವ ಸ್ಪಂಜಿನ ತುಂಡು ಇಟ್ಟರೆ ಬಣ್ಣ ಉಳಿಯುತ್ತದೆ. ಅದಿಲ್ಲದೆ ಕೆಲವು ನೂರು ಕಿಲೋಮೀಟರ್ ಅದುರಿದರೆ ಲೋಹ ಕಾಣುವಂತೆ ಉಜ್ಜಿಹೋಗುತ್ತದೆ. ಕಾರ್ಬನ್ ಚೌಕಟ್ಟಿನ ಸೈಕಲ್ಲನ್ನು ರ‍್ಯಾಕಿನ ಹಿಡಿಕೆಯಿಂದ ಬಿಗಿದರೆ ಕೊಳವೆ ಬಿರುಕು ಬಿಡಬಹುದು. ಹೆಂಗಸರ ಸೈಕಲ್ಲಿನಲ್ಲಿ ನಡುವಿನ ಕೊಳವೆ ತಗ್ಗಿರುವುದರಿಂದ ಹಿಡಿಕೆಗೆ ಆಸರೆಯಾಗಿ ಬೇರೊಂದು ಅಡ್ಡಕೊಳವೆ ಬೇಕಾಗುತ್ತದೆ. ಬುಟ್ಟಿ, ಪಂಪು, ನೀರಿನ ಬಾಟಲಿ, ಮಗುವಿನ ಸೀಟು ಎಲ್ಲವನ್ನೂ ಕಳಚಿ ಒಳಗಿಡಬೇಕು. ಹೊರಟು ಹತ್ತಿಪ್ಪತ್ತು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟುಗಳನ್ನು ಮತ್ತೆ ಬಿಗಿಯುವುದು ಕಡ್ಡಾಯವೆಂದೇ ತಿಳಿಯಬೇಕು. ಹೊಸದಾಗಿ ಕಟ್ಟಿದ ಬೆಲ್ಟು ಮೊದಲ ಅದುರಾಟದಲ್ಲಿ ಸಡಿಲವಾಗಿಯೇ ಆಗುತ್ತದೆ.

ಹಿಂದೆ ಸೈಕಲ್ ತೂಗಿದ ವ್ಯಾನಿನ ಉದ್ದ ಬದಲಾಗುತ್ತದೆ. ತಯಾರಕರು 5.99 ಮೀಟರಿಗೆ ನಿಲ್ಲಿಸಿದ ಗಾಡಿ ರ‍್ಯಾಕು ಸೇರಿ ಆರೂವರೆ ಮೀಟರ್ ದಾಟುತ್ತದೆ. ಫೆರಿ ಕಂಪನಿಗಳು ದರ ಹಾಕುವುದು ಉದ್ದ ನೋಡಿ, ರ‍್ಯಾಕನ್ನೂ ಸೇರಿಸಿ. ಟಿಕೆಟ್ ತೆಗೆಯುವಾಗ ಇದನ್ನು ಹೇಳದೆ ಹೋದರೆ ಬಂದರಿನಲ್ಲಿ ಹೆಚ್ಚಿನ ಹಣ ಕೊಡಬೇಕಾದೀತು. ರಿವರ್ಸ್ ಕ್ಯಾಮೆರಾಕ್ಕೆ ಸೈಕಲ್ಲುಗಳು ಅಡ್ಡ ಬರುತ್ತವೆ, ಹಿಂದಿನ ಸೆನ್ಸರು ಎಡೆಬಿಡದೆ ಕೂಗುತ್ತದೆ. ಹಿಂದಿನ ಬಾಗಿಲಿನಿಂದಲೇ ಹಾಸಿಗೆ, ಗ್ಯಾಸಿನ ಪೆಟ್ಟಿಗೆ ಮುಟ್ಟಬೇಕಾದ ವ್ಯಾನುಗಳಲ್ಲಿ ಸೈಕಲ್ಲುಗಳನ್ನು ಮೊದಲು ಇಳಿಸದೆ ಅಥವಾ ರ‍್ಯಾಕನ್ನು ಬಗ್ಗಿಸದೆ ಬಾಗಿಲು ತೆರೆಯುವುದೂ ಆಗದು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹಿಂದಿನ ದೀಪಗಳು, ನಂಬರ್ ಪ್ಲೇಟು ಮರೆಯಾಗಬಾರದೆಂಬುದು ಎಲ್ಲೆಡೆ ಸಾಮಾನ್ಯ. ಮರೆಯಾದರೆ ಇನ್ನೊಂದು ಪ್ಲೇಟು ಮತ್ತು ದೀಪದ ಪಟ್ಟಿಯನ್ನು ರ‍್ಯಾಕಿನ ಮೇಲೆ ಹಾಕಬೇಕು. ಬ್ರಿಟನ್ನಿನಲ್ಲಿ ಪ್ಲೇಟು ಕಾಣದಿದ್ದರೆ ದಂಡ 1,000 ಪೌಂಡಿನವರೆಗೂ ಹೋಗುತ್ತದೆ. ಇಟಲಿ ಮತ್ತು ಸ್ಪೇನ್ ದೇಶಗಳಲ್ಲಿ ಹಿಂದೆ ಚಾಚಿದ ಹೊರೆಗೆ 50 ಸೆಂ.ಮೀ. ಚೌಕದ, ಕೆಂಪು ಬಿಳಿ ಓರೆಪಟ್ಟೆಯ, ಬೆಳಕಿಗೆ ಹೊಳೆಯುವ ಫಲಕ ಕಟ್ಟಿರಬೇಕು. ಇಟಲಿಯಲ್ಲಿ ಅದು ಅಲ್ಯುಮಿನಿಯಂನದ್ದೇ ಆಗಿರಬೇಕು. ಸೈಕಲ್ ಏರಿದ ಮೇಲಿನ ನಿಯಮಗಳೂ ಇವೆ. ಫ್ರಾನ್ಸಿನಲ್ಲಿ 2017ರಿಂದ 12 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ, ಸ್ಪೇನಿನಲ್ಲಿ ಊರ ಹೊರಗೆ ದೊಡ್ಡವರಿಗೂ ಕಡ್ಡಾಯ. ಜರ್ಮನಿಯಲ್ಲಿ ಎಂಟು ವರ್ಷದೊಳಗಿನ ಮಕ್ಕಳು ರಸ್ತೆಗಿಳಿಯದೆ ಫುಟ್‌ಪಾತಿನ ಮೇಲೆ ಅಥವಾ ಪ್ರತ್ಯೇಕ ಸೈಕಲ್ ದಾರಿಯಲ್ಲಿ ತುಳಿಯಬೇಕು.

ವಿದ್ಯುತ್ ಸೈಕಲ್ಲು ಈ ಲೆಕ್ಕಾಚಾರವನ್ನು ಎರಡು ಕಡೆಯಿಂದಲೂ ಬದಲಿಸಿದೆ. ಮೊಣಕಾಲು ನೋವಿನವರು, ಏರು ಕಂಡರೆ ಅಂಜುವವರು, ಶಕ್ತಿಯಲ್ಲಿ ಸಮನಲ್ಲದ ಗಂಡ ಹೆಂಡತಿ ಈಗ ಜೊತೆಯಾಗಿ 40 ಕಿ.ಮೀ. ಹೋಗಿಬರಬಲ್ಲರು, ಹಿಂದೆ ಬೇಡವೆಂದು ಬಿಟ್ಟಿದ್ದ ಗುಡ್ಡಗಾಡೂ ನಕಾಶೆಯೊಳಗೆ ಬಂದಿದೆ. ಯುರೋಪಿನ ನಿಯಮದಂತೆ ಮೋಟಾರಿನ ಬಲ 250 ವ್ಯಾಟ್, ಗಂಟೆಗೆ 25 ಕಿ.ಮೀ. ದಾಟಿದರೆ ಅದರ ನೆರವು ನಿಲ್ಲುತ್ತದೆ. ಅಷ್ಟರೊಳಗಿದ್ದರೆ ಅದನ್ನು ಮಾಮೂಲು ಸೈಕಲ್ಲಿನಂತೆಯೇ ನೋಡಲಾಗುತ್ತದೆ. ಆದರೆ ತೂಕ ಹೆಚ್ಚುಕಡಿಮೆ ದುಪ್ಪಟ್ಟು. ಬ್ಯಾಟರಿ ಕಳಚಿ ವ್ಯಾನಿನೊಳಗೆ ಇಟ್ಟರೆ ರ‍್ಯಾಕಿನ ಮೇಲಿಂದ ಒಂದೊಂದಕ್ಕೆ ಮೂರು ಕೆ.ಜಿ.ಯಷ್ಟು ಇಳಿಯುತ್ತದೆ, ಮಳೆಯಿಂದಲೂ ಕಳ್ಳರಿಂದಲೂ ಅದು ಬಚಾವ್.

ಚಾರ್ಜಿನ ವಿಚಾರ ಕ್ಯಾಂಪಿನ ಪ್ಲಗ್ ಇದ್ದಾಗ ಸಮಸ್ಯೆಯೇ ಅಲ್ಲ, ಚಾರ್ಜರು ಎಳೆಯುವುದು ಒಂದೆರಡು ನೂರು ವ್ಯಾಟ್ ಮಾತ್ರ. ಪ್ಲಗ್ ಇಲ್ಲದ ತಂಗುದಾಣಗಳಲ್ಲಿ ಕಷ್ಟ. ಸೈಕಲ್ಲಿನ 500 ವ್ಯಾಟ್-ಅವರ್ ಬ್ಯಾಟರಿ ತುಂಬಲು ವ್ಯಾನಿನ 12 ವೋಲ್ಟ್ ಬ್ಯಾಟರಿಯಿಂದ ಲೆಕ್ಕಕ್ಕೆ 42 ಆಂಪಿಯರ್-ಅವರ್ ಬೇಕು, ಇನ್ವರ್ಟರಿನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ 50. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ತಗ್ಗುತ್ತದೆ. ಹಾಗಾಗಿ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಬಳಸಬಹುದಾದದ್ದೆಲ್ಲ ಒಂದೇ ಒಂದು ಸೈಕಲ್ಲಿಗೆ ಮುಗಿದು, ರಾತ್ರಿಯ ದೀಪಕ್ಕೂ ಫ್ರಿಜ್ಜಿಗೂ ಏನೂ ಉಳಿಯುವುದಿಲ್ಲ. ಇಬ್ಬರೂ ದಿನವೂ ವಿದ್ಯುತ್ ಸೈಕಲ್ ತುಳಿಯುವವರಾದರೆ ಎರಡು ಮೂರು ದಿನಕ್ಕೊಮ್ಮೆಯಾದರೂ ಪ್ಲಗ್ ಇರುವ ಕ್ಯಾಂಪನ್ನು ಪ್ರವಾಸದ ಯೋಜನೆಯಲ್ಲೇ ಸೇರಿಸಬೇಕು. ಎಲ್ಲರೂ ಮಲಗಿರುವಾಗ ವ್ಯಾನಿನೊಳಗೆ ಇವನ್ನು ಚಾರ್ಜಿಗೆ ಹಾಕಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವುದು ಅಪರೂಪ, ಹೊತ್ತಿದರೆ ಇಷ್ಟು ಚಿಕ್ಕ ಜಾಗದಿಂದ ಪಾರಾಗಲು ಸಮಯ ಸಿಗುವುದಿಲ್ಲ.

ರ‍್ಯಾಕಿನ ಗೋಜೇ ಬೇಡವೆನ್ನುವವರಿಗೆ ಮಡಚುವ ಸೈಕಲ್ಲಿದೆ. ಆಂಡ್ರೂ ರಿಚಿ ಎಂಬ ಎಂಜಿನಿಯರ್ 1970ರ ದಶಕದ ನಡುವಿನಲ್ಲಿ ಲಂಡನ್ನಿನ ತಮ್ಮ ಫ್ಲ್ಯಾಟಿನಲ್ಲಿ ರೂಪಿಸಿದ ಬ್ರಾಂಪ್ಟನ್ ಅದರಲ್ಲಿ ಹೆಸರಾಂತದ್ದು. 16 ಇಂಚಿನ ಚಕ್ರ, ಸುಮಾರು 11–12 ಕೆ.ಜಿ. ತೂಕ. ಮಡಚಿದರೆ 65 ಸೆಂ.ಮೀ. ಉದ್ದ, 60 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲದೊಳಗೆ ಅಡಗುತ್ತದೆ. ಹಾಸಿಗೆಯ ಕೆಳಗೋ ಸ್ನಾನದ ಗೂಡಿನಲ್ಲೋ ಎರಡನ್ನು ಇಟ್ಟರೆ ವ್ಯಾನಿನ ಉದ್ದವೂ ಬದಲಾಗದು, ಹಿಂಭಾರದ ಚಿಂತೆಯೂ ಇಲ್ಲ, ರಾತ್ರಿ ಬೀಗದ ಚಿಂತೆಯೂ ಇಲ್ಲ. ಊರಿನ ಬೇಕರಿಗೆ, ರೈಲು ನಿಲ್ದಾಣಕ್ಕೆ, ನದಿ ದಂಡೆಯ ಟಾರು ದಾರಿಗೆ ಇದು ಧಾರಾಳ ಸಾಕು. ಕಲ್ಲು ಮಣ್ಣಿನ ಕಾಡುದಾರಿಗೆ ಅಲ್ಲ. ಇಬ್ಬರೇ ಪ್ರಯಾಣಿಸುವ ಆರು ಮೀಟರ್ ಒಳಗಿನ ವ್ಯಾನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಬೆಲೆ ಮಾತ್ರ ಕಣ್ಣು ಕುಕ್ಕುವಷ್ಟಿದೆ.

ಹೊರಗೆ ತೂಗಿದ ಸೈಕಲ್ಲಿಗೆ ಹಿಂದಿನ ಚಕ್ರಗಳಿಂದ ಸಿಡಿಯುವ ಕೆಸರು, ಚಳಿಗಾಲವಾದರೆ ರಸ್ತೆಗೆ ಎರಚಿದ ಉಪ್ಪು ಸದಾ ಬಡಿಯುತ್ತದೆ. ಸರಪಳಿಗೆ ಎಣ್ಣೆ, ಮೋಟಾರಿನ ಬ್ಯಾಟರಿ ಕೂರುವ ಜಾಗಕ್ಕೆ ಮುಚ್ಚಳ ಬೇಕು. ಇಡೀ ಸೈಕಲ್ಲಿಗೆ ಹೊದಿಸುವ ಚೀಲ ಗಾಳಿ ತುಂಬಿ ಉಬ್ಬುವುದರಿಂದ ಕೆಲವು ರ‍್ಯಾಕು ತಯಾರಕರು ಅದನ್ನು ಬಳಸಲೇಬಾರದೆನ್ನುತ್ತಾರೆ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಕಳ್ಳತನದ ಭಯವಿದೆ. ರ‍್ಯಾಕಿನ ಜೊತೆ ಬರುವ ಪುಟ್ಟ ಬೀಗವನ್ನು ನೆಚ್ಚದೆ ದಪ್ಪ ಸರಪಳಿಯಿಂದ ಸೈಕಲ್ಲುಗಳನ್ನೂ ರ‍್ಯಾಕನ್ನೂ ಒಟ್ಟಿಗೆ ಬಿಗಿಯುವುದು ಒಳ್ಳೆಯದು.

ಮಕ್ಕಳಿರುವ ಕುಟುಂಬದಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ. ನಾಲ್ಕು ಸೈಕಲ್ಲು ಎಂದರೆ ತೂಕದ ಮಿತಿ ಮೀರುವುದು ಬಹುತೇಕ ಖಚಿತ, ಆದರೆ ಕ್ಯಾಂಪಿನೊಳಗೆ ಸೈಕಲ್ಲಿನಿಂದ ಹೆಚ್ಚು ಸುಖ ಪಡುವವರು ಮಕ್ಕಳೇ. ಗಂಟೆಗೆ ಹತ್ತು ಕಿ.ಮೀ. ವೇಗದ ಮಿತಿಯಿರುವ ಕ್ಯಾಂಪಿನ ರಸ್ತೆಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸುತ್ತುತ್ತಾ ಭಾಷೆ ಬಾರದ ಗೆಳೆಯರನ್ನೂ ಮಾಡಿಕೊಳ್ಳುತ್ತಾರೆ. ಜಾಗ, ತೂಕ ಎರಡೂ ಕಡಿಮೆಯಿದ್ದಾಗ ಮಕ್ಕಳ ಪುಟ್ಟ ಸೈಕಲ್ಲುಗಳನ್ನಷ್ಟೇ ಒಯ್ದು, ದೊಡ್ಡವರಿಗೆ ಬೇಕಾದಾಗ ಬಾಡಿಗೆಗೆ ಪಡೆಯುವುದು ಬುದ್ಧಿವಂತಿಕೆ.

ಬಾಡಿಗೆ ಸೈಕಲ್ಲು ನಿಜಕ್ಕೂ ಯೋಚಿಸಬೇಕಾದ ದಾರಿ. ಇಲ್ ದ ರೇ, ಕ್ಯಾಮೆಲ್ ಟ್ರೇಲ್, ನೆದರ್ಲೆಂಡ್ಸ್, ಡ್ಯಾನ್ಯೂಬ್ ದಂಡೆ, ಅಂದರೆ ಸೈಕಲ್ಲಿಗೆ ಅತಿ ಹೆಚ್ಚು ಒಗ್ಗುವ ಜಾಗಗಳಲ್ಲೇ, ಬಾಡಿಗೆ ಅಂಗಡಿಗಳೂ ಹೆಚ್ಚು. ಮಗುವಿನ ಸೀಟು, ಹಿಂದೆ ಎಳೆದೊಯ್ಯುವ ಪುಟ್ಟ ಗಾಡಿ, ವಿದ್ಯುತ್ ಸೈಕಲ್ಲು ಎಲ್ಲವೂ ಅಲ್ಲಿ ಸಿಗುತ್ತವೆ. ಸಾಧಾರಣ ಸೈಕಲ್ಲಿಗೆ ದಿನಕ್ಕೆ 10ರಿಂದ 20 ಯೂರೋ, ವಿದ್ಯುತ್ ಸೈಕಲ್ಲಿಗೆ 25ರಿಂದ 40 ಯೂರೋ ಆಸುಪಾಸು. ವರ್ಷಕ್ಕೊಂದು ಪ್ರವಾಸದಲ್ಲಿ ಮೂರು ನಾಲ್ಕು ದಿನ ಮಾತ್ರ ಸೈಕಲ್ ಏರುವವರಿಗೆ ಟೋ ಬಾರ್, ರ‍್ಯಾಕು, ಫೆರಿಯ ಹೆಚ್ಚಿನ ದರ ಇವುಗಳಿಗೆ ಸುರಿಯುವ ಹಣಕ್ಕಿಂತ ಇದು ಎಷ್ಟೋ ಕಡಿಮೆ. ಹತ್ತು ಹನ್ನೆರಡು ದಿನ ತುಳಿಯುವವರಿಗೆ, ಅದರಲ್ಲೂ ಬೆಳಿಗ್ಗೆ ಎದ್ದಕೂಡಲೇ ಬ್ರೆಡ್ಡಿಗೆ ಹೋಗಲು ಸೈಕಲ್ಲು ಪಕ್ಕದಲ್ಲೇ ಇರಬೇಕೆನ್ನುವವರಿಗೆ, ಸ್ವಂತದ್ದೇ ಲೇಸು. ಒಗ್ಗಿದ ಸೀಟಿನ ಎತ್ತರ, ಪರಿಚಿತ ಬ್ರೇಕು ಇವುಗಳ ಬೆಲೆ ಉದ್ದ ದಾರಿಯಲ್ಲಿ ಗೊತ್ತಾಗುತ್ತದೆ. ಆಗಸ್ಟಿನಲ್ಲಿ ಬಾಡಿಗೆಯನ್ನು ನೆಚ್ಚಿಕೊಂಡವರು ಮೊದಲೇ ಕಾದಿರಿಸಬೇಕು, ತೀರಾ ಎತ್ತರದವರಿಗೆ, ಗಿಡ್ಡನೆಯವರಿಗೆ ಹೊಂದುವ ಅಳತೆ ಬೇಗ ಮುಗಿದುಹೋಗುತ್ತದೆ.

ಐಂಡ್‌ಹೋವನ್, ಮ್ಯೂನಿಕ್, ಲಂಡನ್ ಕಡೆ ನೆಲೆಸಿ ರಜೆಗೆಂದು ವ್ಯಾನನ್ನೇ ಬಾಡಿಗೆಗೆ ಪಡೆಯುವ ಕನ್ನಡ ಕುಟುಂಬಗಳು ಇನ್ನೊಂದಿಷ್ಟು ವಿಚಾರಿಸಿಕೊಳ್ಳಬೇಕು. ರ‍್ಯಾಕು ಬೇಕೆಂದು ಬುಕ್ ಮಾಡುವಾಗಲೇ ಹೇಳಬೇಕು, ಅದರ ಮಿತಿ ಎಷ್ಟು ಕೆ.ಜಿ. ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ನೆದರ್ಲೆಂಡ್ಸಿನಲ್ಲಿ ದಿನಬಳಕೆಗೆ ಕೊಂಡ ಗಟ್ಟಿಮುಟ್ಟಾದ ಸೈಕಲ್ಲು ಬ್ಯಾಟರಿ ಇಲ್ಲದೆಯೂ 18–20 ಕೆ.ಜಿ. ತೂಗುವುದುಂಟು, ಹಾಗಾಗಿ ಮನೆಯಲ್ಲಿಯೇ ತೂಗಿ ನೋಡಿಕೊಂಡು ಹೋಗುವುದು ಕ್ಷೇಮ. ಹೆಚ್ಚು ತೂಕಕ್ಕೆ ಬೀಳುವ ದಂಡ ಬಾಡಿಗೆಗೆ ಪಡೆದವರ ತಲೆಗೇ ಬರುತ್ತದೆ. ರ‍್ಯಾಕಿನ ಮೇಲಿನ ಸೈಕಲ್ಲಿಗೆ ಆಗುವ ಹಾನಿ ವ್ಯಾನಿನ ವಿಮೆಯಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಮನೆಯ ವಿಮೆಯಲ್ಲೋ ಪ್ರತ್ಯೇಕ ಸೈಕಲ್ ವಿಮೆಯಲ್ಲೋ ಅದು ಸೇರಿದೆಯೇ, ಪರದೇಶದಲ್ಲೂ ಊರ್ಜಿತವೇ ಎಂಬುದನ್ನು ಹೊರಡುವ ಮುಂಚೆಯೇ ಓದಿ ತಿಳಿದುಕೊಳ್ಳಬೇಕು.